ಡೋನರ್ ಅಡ್ವೈಸ್ಡ್ ಫಂಡ್: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಎರಡು ಥರದ ಮೆಸೇಜು ಬರುತ್ತವೆ. ಒಂದು, ಊರಿಗೆ ಹೋಗುವವರು ಯಾರಾದರೂ ಇದ್ದಾರಾ, ಪುಟ್ಟದೊಂದು ಪಾರ್ಸೆಲ್ ಇದೆ ಅಂತ. ಇನ್ನೊಂದು, "ಆ ಡ್ಯಾಫ್ ಅಂತ ಏನೋ ಹೇಳಿದ್ರಲ್ಲ, ಅದು ಈ ವರ್ಷಕ್ಕೆ ಇನ್ನೂ ಆಗುತ್ತಾ?" ಅಂತ. ಎರಡನೆಯದಕ್ಕೆ ಪ್ರತಿ ವರ್ಷ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ತೆರಿಗೆ ಲೆಕ್ಕಿಗನಲ್ಲ, ಇಂಥದ್ದೊಂದು ಖಾತೆ ಇಟ್ಟುಕೊಂಡು ಕೆಲವು ತಪ್ಪು ಮಾಡಿ ಕಲಿತವನು ಅಷ್ಟೆ. ದೊಡ್ಡ ಮೊತ್ತವಾದರೆ ನಿಮ್ಮ ಸಿಪಿಎಯನ್ನು (ಲೆಕ್ಕಪರಿಶೋಧಕರನ್ನು) ಒಂದು ಮಾತು ಕೇಳಿ.

ಡೋನರ್ ಅಡ್ವೈಸ್ಡ್ ಫಂಡ್ ಅಂದರೆ ಏನು?

ದಾನಕ್ಕೆಂದೇ ಇಟ್ಟ ಒಂದು ಖಾತೆ, ಚುಟುಕಾಗಿ ಡ್ಯಾಫ್ (DAF). ಅದನ್ನು ನಡೆಸುವುದು ಸ್ವತಃ ಒಂದು ನೋಂದಾಯಿತ ದತ್ತಿ ಸಂಸ್ಥೆ. ಇಲ್ಲಿನವರು ಅದನ್ನು ಸ್ಪಾನ್ಸರ್ ಅನ್ನುತ್ತಾರೆ. ನೀವು ಇವತ್ತು ದುಡ್ಡನ್ನೋ ಷೇರನ್ನೋ ಹಾಕುತ್ತೀರಿ, ತೆರಿಗೆ ವಿನಾಯಿತಿ ಈ ವರ್ಷವೇ ಸಿಗುತ್ತದೆ. ಯಾವ ಸಂಸ್ಥೆಗೆ ಎಷ್ಟು ಹೋಗಬೇಕು ಅನ್ನುವುದನ್ನು ಆಮೇಲೆ ನಿಧಾನವಾಗಿ ಹೇಳಬಹುದು. ಅಲ್ಲಿಯವರೆಗೆ ಹಣ ಹೂಡಿಕೆಯಲ್ಲಿರುತ್ತದೆ, ಬೆಳೆದರೆ ಆ ಲಾಭಕ್ಕೂ ತೆರಿಗೆ ಇಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿಗಳು ಗೊತ್ತಲ್ವಾ? ಅಪ್ಪನ ಹೆಸರಲ್ಲೋ ಅಮ್ಮನ ಹೆಸರಲ್ಲೋ ಒಂದು ಮೊತ್ತ ಇಟ್ಟರೆ ಅದರ ಬಡ್ಡಿಯಲ್ಲಿ ದತ್ತಿ ಉಪನ್ಯಾಸ ನಡೆಯುತ್ತದೆ. ಇದು ಅದರ ದೂರದ ನೆಂಟ. ಆದರೆ ದತ್ತಿಯಲ್ಲಿ ಅಸಲು ಮುಟ್ಟುವ ಹಾಗಿಲ್ಲ, ಉದ್ದೇಶವೂ ಒಂದೇ. ಇಲ್ಲಿ ಅಸಲನ್ನೂ ಪೂರ್ತಿ ಕೊಟ್ಟು ಮುಗಿಸಬಹುದು. ಈ ವರ್ಷ ಕಣ್ಣಾಸ್ಪತ್ರೆಗೆ, ಮುಂದಿನ ವರ್ಷ ಫುಡ್ ಬ್ಯಾಂಕಿಗೆ ಅಂತ ಬದಲಾಯಿಸಲೂಬಹುದು.

ಹೊಸದೇನಲ್ಲ. ನ್ಯೂಯಾರ್ಕ್ ಕಮ್ಯುನಿಟಿ ಟ್ರಸ್ಟ್ 1931ರಲ್ಲೇ ಇಂಥದ್ದನ್ನು ಶುರು ಮಾಡಿತ್ತು. ನಮ್ಮಂಥ ಸಂಬಳದವರ ಕೈಗೆಟುಕಿದ್ದು 1991ರಲ್ಲಿ ಫಿಡೆಲಿಟಿ ಚಾರಿಟಬಲ್ ಬಂದ ಮೇಲೆ. ಕಾನೂನಿನಲ್ಲಿ ಇದಕ್ಕೊಂದು ಸ್ಪಷ್ಟ ವ್ಯಾಖ್ಯೆ ಸಿಕ್ಕಿದ್ದು ಮಾತ್ರ 2006ರಲ್ಲಿ.

ಹಾಕಿದ ದುಡ್ಡು ಕಷ್ಟಕ್ಕೆ ಬೇಕಾದರೆ ವಾಪಸ್ ತಗೋಬಹುದಾ?

ಇಲ್ಲ. ಕೆಲಸ ಹೋದರೂ ಇಲ್ಲ, ಮನೆ ಸೋರಿದರೂ ಇಲ್ಲ. ಹುಂಡಿಗೆ ಹಾಕಿದ ದುಡ್ಡು ಅಂತಲೇ ತಿಳಿಯಿರಿ. ಸ್ಕ್ರೀನಿನಲ್ಲಿ ನಿಮ್ಮ ಹೆಸರು, ಬ್ಯಾಲೆನ್ಸು, ಏರಿಳಿತದ ಗೆರೆ ಎಲ್ಲ ಕಾಣುತ್ತದೆ. ಹಾಗಾಗಿ ಅದು ನಿಮ್ಮ ಖಾತೆಯೇ ಅನ್ನಿಸಿಬಿಡುತ್ತದೆ. ಕಾನೂನಿನ ಪ್ರಕಾರ ಅದು ಸ್ಪಾನ್ಸರ್ ಸಂಸ್ಥೆಯ ಆಸ್ತಿ. "ಅಡ್ವೈಸ್ಡ್" ಅನ್ನುವ ಪದವನ್ನು ಸುಮ್ನೆ ಇಟ್ಟಿಲ್ಲ. ನೀವು ಸಲಹೆ ಕೊಡುತ್ತೀರಿ, ಕೊನೆಯ ಮಾತು ಅವರದ್ದು. ಸಂಸ್ಥೆ ಸರಿಯಿದ್ದರೆ ನಿಮ್ಮ ಸಲಹೆಯನ್ನು ತಳ್ಳಿಹಾಕುವುದು ಅಪರೂಪ, ಆದರೆ ಆ ಹಕ್ಕು ಅವರಿಗಿದೆ.

ಆದ್ದರಿಂದ ಮೊದಲು ಮನೆ, ಆರು ತಿಂಗಳ ಖರ್ಚಿನ ಗಂಟು, ಮಕ್ಕಳ ಕಾಲೇಜು. ಆಮೇಲೆ ಇದು.

ಇದು ಸಾಹುಕಾರರಿಗೆ ಮಾತ್ರ ಅಲ್ವಾ?

ಹಾಗೇನಿಲ್ಲ. ಫಿಡೆಲಿಟಿ ಚಾರಿಟಬಲ್‌ನಲ್ಲಿ ಖಾತೆ ತೆರೆಯಲು ಕನಿಷ್ಠ ಮೊತ್ತವೇ ಇಲ್ಲ, 50 ಡಾಲರ್‌ನಿಂದ ಗ್ರಾಂಟ್ (ಖಾತೆಯಿಂದ ಸಂಸ್ಥೆಗೆ ಹೋಗುವ ದಾನ) ಕೊಡಬಹುದು. ಮೊದಲು ಶ್ವಾಬ್ ಚಾರಿಟಬಲ್ ಅಂತಿದ್ದದ್ದು 2024ರಲ್ಲಿ ಡ್ಯಾಫ್‌ಗಿವಿಂಗ್360 ಆಯಿತು, ಅಲ್ಲಿಯೂ ಕನಿಷ್ಠ ಮೊತ್ತ ಇಲ್ಲ. ವ್ಯಾನ್‌ಗಾರ್ಡ್ ಚಾರಿಟಬಲ್ 25,000 ಡಾಲರ್‌ನಿಂದ ಶುರು, ಅಲ್ಲಿ ಒಂದು ಗ್ರಾಂಟ್ 500 ಡಾಲರ್‌ಗಿಂತ ಕಡಿಮೆ ಇರುವ ಹಾಗಿಲ್ಲ. ಇವಲ್ಲದೆ ಊರೂರಿನ ಕಮ್ಯುನಿಟಿ ಫೌಂಡೇಶನ್‌ಗಳೂ ಇವೆ. ಅವುಗಳ ಫೀಸು ಕೊಂಚ ಜಾಸ್ತಿ ಇರಬಹುದು, ಆದರೆ ನಿಮ್ಮ ಕೌಂಟಿಯಲ್ಲಿ ಯಾವ ಸಂಸ್ಥೆ ನಿಜವಾಗಿ ಕೆಲಸ ಮಾಡುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಫೀಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಫಿಡೆಲಿಟಿಯಲ್ಲಿ ವರ್ಷಕ್ಕೆ 0.60% ಅಥವಾ 100 ಡಾಲರ್, ಯಾವುದು ಜಾಸ್ತಿಯೋ ಅದು. ಹೂಡಿಕೆಯ ಖರ್ಚು ಬೇರೆ. ಖಾತೆಯಲ್ಲಿ 2,000 ಡಾಲರ್ ಇಟ್ಟುಕೊಂಡು ಕೂತರೆ ಆ 100 ಡಾಲರ್ ಅಂದರೆ 5% ಆಯಿತು! ಸಣ್ಣ ಮೊತ್ತವಾದರೆ ಹಾಕಿ, ಅದೇ ವರ್ಷ ಕೊಟ್ಟು ಮುಗಿಸಿ. ವರ್ಷಗಟ್ಟಲೆ ಇಡಬೇಡಿ.

ನೇರವಾಗಿ ಸಂಸ್ಥೆಗೇ ಚೆಕ್ ಬರೆದರೆ ಆಗಲ್ವಾ? ಇಷ್ಟು ಸುತ್ತಾಟ ಯಾಕೆ?

ಧಾರಾಳವಾಗಿ ಬರೆಯಿರಿ. ಎಷ್ಟೋ ಜನಕ್ಕೆ ಅದೇ ಸರಿ. ಸುತ್ತು ಹಾಕುವುದರಿಂದ ಲಾಭ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ: ಹಲವು ವರ್ಷದ ದಾನವನ್ನು ಒಂದೇ ವರ್ಷಕ್ಕೆ ಸೇರಿಸುವಾಗ, ಮತ್ತು ಬೆಲೆ ಏರಿದ ಷೇರು ಕೊಡುವಾಗ.

ಮೊದಲನೆಯದಕ್ಕೆ ಒಂದು ಲೆಕ್ಕ ನೋಡಿ. ಗಂಡ ಹೆಂಡತಿ, ಇಬ್ಬರೂ ಸೇರಿ ವರಮಾನ 3,00,000 ಡಾಲರ್. ಮನೆಸಾಲದ ಬಡ್ಡಿ ಮತ್ತು ರಾಜ್ಯದ ತೆರಿಗೆ ಸೇರಿ 24,000. ವರ್ಷಕ್ಕೆ 8,000 ದಾನ ಮಾಡುತ್ತಾರೆ. ಒಟ್ಟು 32,000. ಆದರೆ 2026ರಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚು, ದಾನ ಯಾವುದನ್ನೂ ತೋರಿಸದೆಯೇ ವರಮಾನದಿಂದ ಕಳೆಯಬಹುದಾದ ಮೊತ್ತ, 32,200. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಅಂದರೆ, ಮುಂದೆ ಹೇಳುವ 2,000 ಡಾಲರ್‌ನ ಸಣ್ಣ ವಿನಾಯಿತಿ ಬಿಟ್ಟರೆ, ಏನೂ ಕೊಡದೆ ಕೂತವರಿಗೂ ಇವರಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಈಗ ಇವರು ಮೂರು ವರ್ಷದ 24,000ವನ್ನು ಒಂದೇ ಸಲ ಡ್ಯಾಫ್‌ಗೆ ಹಾಕಿದರು ಅನ್ನಿ. ಆ ವರ್ಷದ ಒಟ್ಟು 48,000. ಹೊಸ ನಿಯಮದ 0.5% ಕಡಿತ (ವಿವರ ಮುಂದಿನ ಪ್ರಶ್ನೆಯಲ್ಲಿದೆ) 1,500 ತೆಗೆದರೆ 46,500. ಸ್ಟ್ಯಾಂಡರ್ಡ್‌ಗಿಂತ 14,300 ಜಾಸ್ತಿ. 24% ತೆರಿಗೆ ಹಂತದಲ್ಲಿ ಇದು 3,432 ಡಾಲರ್ ಉಳಿತಾಯ. ಮುಂದಿನ ಎರಡು ವರ್ಷ ಸ್ಟ್ಯಾಂಡರ್ಡ್ ತಗೊಳ್ಳುತ್ತಾರೆ. ಸಂಸ್ಥೆಗಳಿಗೆ ಮಾತ್ರ ಎಂದಿನ ಹಾಗೆ ವರ್ಷಕ್ಕೆ 8,000 ಹೋಗುತ್ತಲೇ ಇರುತ್ತದೆ. ಅವರಿಗೆ ಈ ಏರುಪೇರು ಗೊತ್ತೂ ಆಗುವುದಿಲ್ಲ.

2026ರಿಂದ ಏನೋ ಬದಲಾಗಿದೆಯಂತೆ?

ಹೌದು, 2025ರ ಜುಲೈನ ಕಾನೂನಿನಿಂದ. ಮೇಲೆ ಹೇಳಿದ 0.5% ಒಂದು: ನಿಮ್ಮ ಎಜಿಐನ (ತೆರಿಗೆಗೆ ಲೆಕ್ಕ ಹಾಕುವ ಒಟ್ಟು ವರಮಾನದ) ಅರ್ಧ ಪರ್ಸೆಂಟಿನಷ್ಟು ದಾನಕ್ಕೆ ವಿನಾಯಿತಿ ಇಲ್ಲ, ಅದರ ಮೇಲಿನದಕ್ಕೆ ಮಾತ್ರ. ಇದು ಪ್ರತಿ ವರ್ಷವೂ ಕಡಿತವಾಗುವುದರಿಂದ, ಸಣ್ಣದಾಗಿ ಹಂಚುವುದಕ್ಕಿಂತ ಒಂದೇ ವರ್ಷ ಒಟ್ಟುಗೂಡಿಸುವುದು ಇನ್ನಷ್ಟು ಲಾಭದ್ದಾಯಿತು. 37% ಹಂತದವರಿಗೆ ಲಾಭ 35%ಗೆ ನಿಂತುಹೋಗುತ್ತದೆ.

ಐಟಮೈಸ್ ಮಾಡದವರಿಗೂ (ಖರ್ಚನ್ನು ಒಂದೊಂದಾಗಿ ತೋರಿಸದೆ ಸ್ಟ್ಯಾಂಡರ್ಡ್ ತಗೊಳ್ಳುವವರಿಗೂ) ಈಗ ನಗದು ದಾನಕ್ಕೆ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್ ವಿನಾಯಿತಿ ಇದೆ. ಇದು ಡ್ಯಾಫ್‌ಗೆ ಹಾಕಿದ ಹಣಕ್ಕೆ ಸಿಗುವುದಿಲ್ಲ. ಅದನ್ನು ನೇರವಾಗಿಯೇ ಕೊಡಬೇಕು.

ಷೇರು ಕೊಡುವುದರಲ್ಲಿ ಏನು ವಿಶೇಷ?

ಎಲ್ಲಕ್ಕಿಂತ ಜಾಸ್ತಿ ಉಪಯೋಗ ಇಲ್ಲೇ ಇದೆ. ಟೆಕ್ ಕಂಪನಿಯಲ್ಲಿರುವ ನಮ್ಮವರ ಹತ್ತಿರ ಹಳೆಯ ಆರ್‌ಎಸ್‌ಯು (ಸಂಬಳದ ಜೊತೆ ಕಂಪನಿ ಕೊಡುವ) ಷೇರುಗಳು ಬಿದ್ದಿರುತ್ತವೆ. ಕೈಗೆ ಬಂದ ದಿನ 2,000 ಡಾಲರ್ ಇದ್ದದ್ದು ಈಗ 10,000 ಆಗಿದೆ ಅಂದುಕೊಳ್ಳಿ. ಮಾರಿ ಕೊಟ್ಟರೆ 8,000 ಲಾಭದ ಮೇಲೆ 15%, ವರಮಾನ ಜಾಸ್ತಿ ಇದ್ದರೆ ಇನ್ನೂ 3.8%, ಮೇಲೆ ರಾಜ್ಯದ ತೆರಿಗೆ. ಸುಮಾರು 1,500 ಡಾಲರ್ ಫೆಡರಲ್ ತೆರಿಗೆಗೇ ಹೋಯಿತು. ಮಾರದೆ ಷೇರನ್ನೇ ಕೊಟ್ಟರೆ ಆ ತೆರಿಗೆ ನಿಮಗೂ ಇಲ್ಲ, ಸ್ಪಾನ್ಸರ್‌ಗೂ ಇಲ್ಲ. ವಿನಾಯಿತಿಯನ್ನು ಪೂರ್ತಿ 10,000ದ ಮೇಲೆಯೇ ಲೆಕ್ಕ ಹಾಕುತ್ತಾರೆ.

ಆ ಕಂಪನಿಯ ಷೇರು ನಿಮಗೆ ಇನ್ನೂ ಬೇಕಾ? ಕೊಡಬೇಕೆಂದು ಇಟ್ಟಿದ್ದ ನಗದಿನಲ್ಲಿ ಅದೇ ದಿನ ಮತ್ತೆ ಕೊಂಡುಕೊಳ್ಳಿ. ಮಾರಿದ ಕೂಡಲೇ ಅದೇ ಷೇರು ಮತ್ತೆ ಕೊಂಡರೆ ನಷ್ಟ ತೋರಿಸಲು ಬಿಡದ ವಾಶ್ ಸೇಲ್ ನಿಯಮ ನಷ್ಟದ ಮಾರಾಟಕ್ಕೆ ಮಾತ್ರ, ಇದಕ್ಕೆ ಅಡ್ಡಿಯಿಲ್ಲ. ಹೊಸ ಷೇರಿನ ಕೊಂಡ ಬೆಲೆ ಇವತ್ತಿನದ್ದಾಗುತ್ತದೆ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ಆರು ವರ್ಷ ಸುಮ್ನೆ ಚೆಕ್ ಬರೆದಿದ್ದೆನಲ್ಲ!

ಯಾವ ಷೇರು ಬೇಕಾದರೂ ಕೊಡಬಹುದಾ?

ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದನ್ನೇ ಆರಿಸಿ. ಅದಕ್ಕಿಂತ ಹೊಸದಾದರೆ ಕೊಂಡ ಬೆಲೆಯಷ್ಟಕ್ಕೇ ವಿನಾಯಿತಿ. ನಷ್ಟದಲ್ಲಿರುವ ಷೇರನ್ನು ಯಾವತ್ತೂ ಕೊಡಬೇಡಿ. ಮಾರಿ, ನಷ್ಟವನ್ನು ನಿಮ್ಮ ತೆರಿಗೆಯಲ್ಲಿ ತೋರಿಸಿ, ನಗದು ಕೊಡಿ. ಕಂಪನಿ ತನ್ನ ನೌಕರರಿಗೆ ಡಿಸ್ಕೌಂಟಿನಲ್ಲಿ ಮಾರುವ ಇಎಸ್‌ಪಿಪಿ ಷೇರುಗಳ ಲೆಕ್ಕ ಸಿಕ್ಕುಸಿಕ್ಕು, ದಾನ ಕೊಟ್ಟರೂ ಆ ಡಿಸ್ಕೌಂಟು ಸಂಬಳದ ಹಾಗೆ ತೆರಿಗೆಗೆ ಬರಬಹುದು. ಕೇಳಿಯೇ ಮುಂದುವರಿಯಿರಿ. ಕ್ರಿಪ್ಟೊ 5,000 ಡಾಲರ್ ದಾಟಿದರೆ ಮೌಲ್ಯಮಾಪಕರ ವರದಿ ಬೇಕು. ಮಾರುಕಟ್ಟೆಯಲ್ಲಿರುವ ಷೇರಿಗೆ ಆ ತಲೆನೋವಿಲ್ಲ.

ವರ್ಗಾವಣೆ ಹೇಗೆ? ಕೊನೆಯ ದಿನ ಯಾವುದು?

ಡಿಸೆಂಬರ್ 31. ಆದರೆ ಅದನ್ನು ನಂಬಿ ಕೂರಬೇಡಿ. ಷೇರು ಮತ್ತು ಡ್ಯಾಫ್ ಒಂದೇ ಬಳಗದ ಕಂಪನಿಯಲ್ಲಿದ್ದರೆ ನಾಲ್ಕು ಕ್ಲಿಕ್ಕಿನ ಕೆಲಸ. ಬೇರೆ ಬೇರೆಯಾದರೆ ಸ್ಪಾನ್ಸರ್ ಕೊಡುವ ಡಿಟಿಸಿ ನಂಬರು (ಷೇರು ಎಲ್ಲಿಗೆ ಹೋಗಬೇಕೆಂದು ಹೇಳುವ ಸಂಖ್ಯೆ), ಖಾತೆ ನಂಬರು ಹಾಕಿ ನಿಮ್ಮ ಬ್ರೋಕರ್‌ಗೆ ಫಾರಂ ಕಳಿಸಬೇಕು. ಷೇರು ಅವರ ಖಾತೆಗೆ ಬಂದು ಬಿದ್ದ ದಿನವೇ ದಾನದ ದಿನ, ನೀವು ಫಾರಂಗೆ ಸಹಿ ಹಾಕಿದ ದಿನ ಅಲ್ಲ. ಅಂಚೆಯಲ್ಲಿ ಹೋಗುವ ಚೆಕ್ಕಿಗಾದರೆ ಅಂಚೆ ಮುದ್ರೆಯ ದಿನಾಂಕ ನಡೆಯುತ್ತದೆ.

ನಾನೊಮ್ಮೆ ಡಿಸೆಂಬರ್ 20ಕ್ಕೆ ಮ್ಯೂಚುವಲ್ ಫಂಡ್ ಯುನಿಟ್ ಕಳಿಸಿದೆ. ಹನ್ನೊಂದು ದಿನ ಇದೆಯಲ್ಲ ಅಂತ ನಿಶ್ಚಿಂತೆ. ಬ್ರೋಕರೇಜಿನವರು ಸಹಿ ಹೊಂದುತ್ತಿಲ್ಲ ಅಂತ ಫಾರಂ ತಡೆಹಿಡಿದಿದ್ದರು. ಹೇಳಲು ಫೋನು ಮಾಡಲಿಲ್ಲ, ಅವರ ವೆಬ್‌ಸೈಟಿನ ಒಳಗಿನ ಮೆಸೇಜು ಪೆಟ್ಟಿಗೆಯಲ್ಲಿ ಒಂದು ಸಾಲು ಬಿಟ್ಟಿದ್ದರು. ನಾನು ನೋಡಿದ್ದು 29ಕ್ಕೆ. ಯುನಿಟ್ ತಲುಪಿದ್ದು ಜನವರಿ 6ಕ್ಕೆ, ವಿನಾಯಿತಿ ಒಂದು ವರ್ಷ ಮುಂದೆ ಹೋಯಿತು. ಈಗ ದೀಪಾವಳಿ ಮುಗಿದ ವಾರವೇ ಈ ಕೆಲಸ ಮುಗಿಸುತ್ತೇನೆ.

ಇನ್ನೊಂದು: ಫಾರಂನಲ್ಲಿ ಯಾವ ಲಾಟ್ (ಯಾವಾಗ ಕೈಗೆ ಬಂದ ಕಂತು) ಅಂತ ಆರಿಸುವ ಜಾಗ ಇರುತ್ತದೆ. ಅತಿ ಕಡಿಮೆ ಬೆಲೆಗೆ ಬಂದಿದ್ದನ್ನು, ಅಂದರೆ ಅತಿ ಜಾಸ್ತಿ ಲಾಭ ಕೂತಿರುವುದನ್ನು ಟಿಕ್ ಮಾಡಿ. ಖಾಲಿ ಬಿಟ್ಟರೆ ಅವರ ಲೆಕ್ಕದಲ್ಲಿ ಯಾವುದೋ ಹೋಗುತ್ತದೆ.

ಒಂದು ವರ್ಷದಲ್ಲಿ ಎಷ್ಟರವರೆಗೆ ವಿನಾಯಿತಿ?

ನಗದಾದರೆ ಎಜಿಐನ 60%, ವರ್ಷ ದಾಟಿದ ಷೇರಾದರೆ 30%. ಮಿಕ್ಕಿದ್ದನ್ನು ಮುಂದಿನ ಐದು ವರ್ಷಕ್ಕೆ ಒಯ್ಯಬಹುದು.

ತೆರಿಗೆ ಫೈಲ್ ಮಾಡುವಾಗ ಏನು ತೋರಿಸಬೇಕು?

ಡ್ಯಾಫ್‌ಗೆ ಹಾಕಿದ್ದನ್ನು ಮಾತ್ರ. ಸ್ಪಾನ್ಸರ್ ಕೊಡುವ ರಸೀತಿ ಇಟ್ಟುಕೊಳ್ಳಿ, ಷೇರಿನ ಬೆಲೆ 500 ಡಾಲರ್ ದಾಟಿದರೆ ಫಾರ್ಮ್ 8283 ತುಂಬಿ. ಆಮೇಲೆ ಖಾತೆಯಿಂದ ಸಂಸ್ಥೆಗಳಿಗೆ ಹೋಗುವ ಗ್ರಾಂಟ್‌ಗೆ ಮತ್ತೆ ವಿನಾಯಿತಿ ಇಲ್ಲ. ಕೆಲವು ಸಂಸ್ಥೆಗಳು ಅಭ್ಯಾಸದ ಮೇಲೆ ನಿಮಗೂ ಒಂದು ಟ್ಯಾಕ್ಸ್ ರಸೀತಿ ಕಳಿಸಿಬಿಡುತ್ತವೆ. ಅದನ್ನು ಸೇರಿಸಿದರೆ ಒಂದೇ ದಾನವನ್ನು ಎರಡು ಸಲ ತೋರಿಸಿದ ಹಾಗಾಗುತ್ತದೆ.

ಖಾತೆಯಲ್ಲಿರುವ ದುಡ್ಡನ್ನು ಎಲ್ಲಿ ಹೂಡಬೇಕು?

ಸ್ಪಾನ್ಸರ್ ಕೊಡುವ ಕೆಲವು ಪೂಲ್‌ಗಳಲ್ಲಿ (ಹೂಡಿಕೆ ನಿಧಿಗಳಲ್ಲಿ) ಆರಿಸಬೇಕು. ಈ ವರ್ಷ, ಮುಂದಿನ ವರ್ಷ ಕೊಡುವುದನ್ನು ಮನಿ ಮಾರ್ಕೆಟ್‌ನಲ್ಲಿಡಿ, ಐದು ವರ್ಷದಾಚೆಯದನ್ನು ಇಂಡೆಕ್ಸ್ ಪೂಲ್‌ನಲ್ಲಿಡಿ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ಗ್ರಾಂಟ್ ಕೊಡುವುದು ಹೇಗೆ?

ಲಾಗಿನ್ ಆಗಿ, ಸಂಸ್ಥೆ ಹುಡುಕಿ, ಮೊತ್ತ ಹಾಕಿ, ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆದರೆ ಮುಗಿಯಿತು. ಸ್ಪಾನ್ಸರ್ ಪರಿಶೀಲಿಸಿ ಹಣ ಕಳಿಸುತ್ತಾರೆ. ಹೆಸರಿನ ಮೇಲೆ ಮಾತ್ರ ಭರವಸೆ ಇಡಬೇಡಿ. "ಶ್ರೀ ವೆಂಕಟೇಶ್ವರ ಟೆಂಪಲ್" ಅಂತ ಹುಡುಕಿ ನೋಡಿ, ರಾಜ್ಯಕ್ಕೊಂದರಂತೆ ಸಾಲುಗಟ್ಟಿ ಬರುತ್ತವೆ. ಪ್ರತಿ ಸಂಸ್ಥೆಗೂ ಇಐಎನ್ ಅನ್ನುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅವರ ವೆಬ್‌ಸೈಟಿನ ಅಡಿಯಲ್ಲೋ ಹಳೆಯ ರಸೀತಿಯಲ್ಲೋ ಸಿಗುತ್ತದೆ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಹುಡುಕಾಟದ ಪುಟದಲ್ಲಿ ಅದು ಈಗಲೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಬಹುದು.

ದೇವಸ್ಥಾನಕ್ಕೆ, ಕನ್ನಡ ಕೂಟಕ್ಕೆ ಕೊಡಬಹುದಾ?

501ಸಿ3, ಅಂದರೆ ಅಮೆರಿಕದ ದತ್ತಿ ಸಂಸ್ಥೆಯ ನೋಂದಣಿ ಇದ್ದರೆ ಕೊಡಬಹುದು. ಇಲ್ಲಿನ ಬಹುತೇಕ ದೇವಸ್ಥಾನಗಳಿಗೆ ಅದಿದೆ, ಕೂಟಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು.

ಜನ ಎಡವುವುದು ಬೇರೆ ಕಡೆ. ಡ್ಯಾಫ್‌ನಿಂದ ಕೊಟ್ಟದ್ದಕ್ಕೆ ಬದಲಾಗಿ ನಿಮಗೇನೂ ಬರಬಾರದು. ಯುಗಾದಿ ಊಟದ ಟಿಕೆಟ್, ರಾಜ್ಯೋತ್ಸವಕ್ಕೆ ಮುಂದಿನ ಸಾಲಿನ ಸೀಟು, ಟಿಕೆಟ್ ರಿಯಾಯಿತಿ ಸಿಗುವ ಸದಸ್ಯತ್ವ, ಮಗುವಿನ ಕನ್ನಡ ಕಲಿ ತರಗತಿಯ ಫೀಸು, ಯಾವುದೂ ಸಲ್ಲದು. 100 ಡಾಲರ್ ಟಿಕೆಟ್‌ನಲ್ಲಿ 40 ಊಟಕ್ಕೆ, 60 ದಾನ, ಆ 60 ಮಾತ್ರ ಡ್ಯಾಫ್‌ನಿಂದ ಕೊಡುತ್ತೇನೆ ಅಂದರೂ ಒಪ್ಪುವುದಿಲ್ಲ. ಗೊತ್ತಾದರೆ ಆ ಲಾಭದ ಮೇಲೆ 125% ದಂಡ ತೆರಿಗೆ ಇದೆ, ಅದೂ ಲಾಭ ಪಡೆದವರ ತಲೆಗೆ. ನನ್ನ ಗೆಳೆಯರೊಬ್ಬರು ಒಂದು ಗಾಲಾ ಡಿನ್ನರ್‌ನ ಇಡೀ ಟೇಬಲ್ಲನ್ನು ಹೀಗೆ ಬುಕ್ ಮಾಡಿ, ಆಮೇಲೆ ಸಂಸ್ಥೆಯವರಿಂದ ಗ್ರಾಂಟ್ ವಾಪಸ್ ಕಳಿಸಿಸಿ, ಕೈಯಿಂದ ಚೆಕ್ ಕೊಟ್ಟು ಬಂದರು. ಎಲ್ಲ ಮುಗಿಯಲು ಒಂದು ತಿಂಗಳು ಹಿಡಿಯಿತು.

ಪೂಜೆಯ ವಿಷಯ ಕೇಳುತ್ತೀರಿ. ದರಪಟ್ಟಿಯಲ್ಲಿರುವ ಸೇವೆಗೆ, ಮನೆಗೆ ಅರ್ಚಕರನ್ನು ಕರೆಸಿದ್ದಕ್ಕೆ ಕೈಯಿಂದಲೇ ಕೊಡಿ. ಗೋಪುರ ಕಟ್ಟಲು, ಅನ್ನದಾನಕ್ಕೆ ಇದರಿಂದ ಕೊಡಿ. ನಾನು ಇಟ್ಟುಕೊಂಡಿರುವ ಗೆರೆ ಇದು.

ನಮ್ಮೂರಿನ ಶಾಲೆಗೆ ಕಳಿಸಬಹುದಾ?

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಯೇ ಇದು. ನೇರವಾಗಿ ಆಗುವುದಿಲ್ಲ. ಹೆಚ್ಚಿನ ಸ್ಪಾನ್ಸರ್‌ಗಳು ಅಮೆರಿಕದಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ ಗ್ರಾಂಟ್ ಕೊಡುತ್ತವೆ. ಭಾರತದ ಕಡೆಯಲ್ಲೂ ಒಂದು ತಡೆಯಿದೆ, ಎಫ್‌ಸಿಆರ್‌ಎ ಅನ್ನುವ ಕಾನೂನು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದು ಇನ್ನೊಂದು ಸಂಸ್ಥೆಗೆ ಹಂಚುವುದನ್ನೂ ನಿಲ್ಲಿಸಿದ್ದಾರೆ. ತಾಲ್ಲೂಕಿನ ಮೂಲೆಯ ಸರ್ಕಾರಿ ಶಾಲೆಗೆ, ಊರಿನ ಮಾರಮ್ಮನ ಗುಡಿಗೆ ಇದೆಲ್ಲ ಎಲ್ಲಿಂದ ಬರಬೇಕು?

ಎರಡು ದಾರಿಗಳಿವೆ. ಅಮೆರಿಕದಲ್ಲೇ ನೋಂದಣಿ ಇರುವ ಅಂಗಸಂಸ್ಥೆಗಳ ಮೂಲಕ ಕೊಡುವುದು ಒಂದು. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಅಕ್ಷಯ ಪಾತ್ರಕ್ಕೆ ಹೀಗೆ ಅಮೆರಿಕದ ಸಂಸ್ಥೆ ಇದೆ. ಶಿಕ್ಷಣದಲ್ಲಿ ಕೆಲಸ ಮಾಡುವ ಪ್ರಥಮ್‌ಗೂ ಇದೆ. ಇನ್ನೊಂದು, ಸಿಎಎಫ್ ಅಮೆರಿಕದಂಥ ಮಧ್ಯವರ್ತಿ ಸಂಸ್ಥೆಗಳು. ಇವು ಆ ಕಡೆಯ ಸಂಸ್ಥೆಯ ಕಾಗದಪತ್ರ ನೋಡಿ ಹಣ ತಲುಪಿಸುತ್ತವೆ, ಅದಕ್ಕೆ ಫೀಸು ಇರುತ್ತದೆ.

ನಿಮ್ಮ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆಯಾ? ಹಾಗಾದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದನ್ನು ಎಫ್‌ಸಿಆರ್‌ಎ ವಿದೇಶಿ ದೇಣಿಗೆ ಅನ್ನುವುದಿಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅನ್ನುತ್ತದೆ. ಡ್ಯಾಫ್‌ನಿಂದ ಹೋದದ್ದು ಅಮೆರಿಕದ ಸಂಸ್ಥೆಯ ಹಣವಾದ್ದರಿಂದ ನಿಮ್ಮ ಪಾಸ್‌ಪೋರ್ಟ್ ಯಾವುದಿದ್ದರೂ ಅದು ವಿದೇಶಿಯೇ. ನನ್ನ ಮಟ್ಟಿಗೆ, ಊರ ಶಾಲೆಯ ಕಾಂಪೌಂಡಿಗೆ ದುಡ್ಡು ಬೇಕೆಂದು ಹೆಡ್‌ಮಾಸ್ಟರ್ ಫೋನ್ ಮಾಡಿದಾಗ ವಿನಾಯಿತಿ ಮರೆತು ಉಳಿತಾಯ ಖಾತೆಯಿಂದಲೇ ಕಳಿಸಿದೆ. ಆಗ ನನ್ನದು ನೀಲಿ ಪಾಸ್‌ಪೋರ್ಟು, ಭಾರತದ್ದೇ.

ಅಣ್ಣನ ಮಗಳ ಕಾಲೇಜು ಫೀಸು ಕಟ್ಟಬಹುದಾ? ಗೋಫಂಡ್‌ಮಿಗೆ?

ಇಲ್ಲ. ಯಾವುದೇ ವ್ಯಕ್ತಿಗೆ, ಎಷ್ಟೇ ಕಷ್ಟದಲ್ಲಿದ್ದರೂ, ಕೊಡುವ ಹಾಗಿಲ್ಲ. ರಾಜಕೀಯ ಪ್ರಚಾರಕ್ಕೂ ಇಲ್ಲ.

ಕಂಪನಿಯ ಮ್ಯಾಚಿಂಗ್ ಸಿಗುತ್ತದಾ?

ನೌಕರರು ಕೊಟ್ಟ ದಾನಕ್ಕೆ ಕಂಪನಿಯೂ ತನ್ನ ಪಾಲು ಸೇರಿಸುವುದೇ ಮ್ಯಾಚಿಂಗ್. ಕಂಪನಿಗೊಂದು ನಿಯಮ. ಕೆಲವು ಡ್ಯಾಫ್ ಗ್ರಾಂಟನ್ನು ಮ್ಯಾಚ್ ಮಾಡುತ್ತವೆ, ಕೆಲವು ಕೈಯಿಂದ ಕೊಟ್ಟದ್ದನ್ನು ಮಾತ್ರ. ಎಚ್‌ಆರ್‌ಗೆ ಮೊದಲೇ ಕೇಳಿ. ಎರಡನೆಯ ಥರದ ಕಂಪನಿಯಾದರೆ ಮ್ಯಾಚಿಂಗ್ ಮಿತಿ ಮುಗಿಯುವವರೆಗೆ ನೇರವಾಗಿ ಕೊಟ್ಟು, ಉಳಿದದ್ದಕ್ಕೆ ಡ್ಯಾಫ್ ಬಳಸಿ.

ಅಪ್ಪ ಅಮ್ಮ ಇಲ್ಲೇ ನಿವೃತ್ತರಾಗಿದ್ದಾರೆ. ಅವರ ಐಆರ್‌ಎಯಿಂದ (ನಿವೃತ್ತಿ ಉಳಿತಾಯ ಖಾತೆಯಿಂದ) ಹಾಕಬಹುದಾ?

ಎಪ್ಪತ್ತೂವರೆ ದಾಟಿದವರು ಐಆರ್‌ಎಯಿಂದ ತೆರಿಗೆ ಇಲ್ಲದೆ ನೇರವಾಗಿ ದಾನ ಕಳಿಸುವ ಕ್ಯೂಸಿಡಿ ಸೌಲಭ್ಯ ಇದೆ. ಆದರೆ ಅದು ಡ್ಯಾಫ್‌ಗೆ ನಡೆಯುವುದಿಲ್ಲ. ಸಂಸ್ಥೆಗೇ ಹೋಗಬೇಕು.

ಭಾರತಕ್ಕೆ ವಾಪಸ್ ಹೋದರೆ?

ಖಾತೆ ಅಮೆರಿಕದಲ್ಲೇ ಇರುತ್ತದೆ, ನಿಮ್ಮ ಜೊತೆ ವಿಮಾನ ಹತ್ತುವುದಿಲ್ಲ. ವಿಳಾಸ, ಫೋನ್ ನಂಬರು ಬದಲಾದ ಮೇಲೂ ಗ್ರಾಂಟ್ ಸೂಚಿಸಲು ಬಿಡುತ್ತಾರಾ ಅಂತ ನಿಮ್ಮ ಸ್ಪಾನ್ಸರ್‌ನನ್ನು ಹೊರಡುವ ಮುಂಚೆಯೇ ಕೇಳಿ. ಹೊರಡುವುದು ಖಚಿತವಾದರೆ ಕೊಟ್ಟು ಖಾಲಿ ಮಾಡಿ ಹೊರಡುವುದೇ ಸುಲಭ.

ಪ್ರತಿ ವರ್ಷ ಇಷ್ಟು ಕೊಡಲೇಬೇಕು ಅಂತ ಇದೆಯಾ?

ಕಾನೂನಿನಲ್ಲಿಲ್ಲ. ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ಸುಮಾರು 5% ಖರ್ಚು ಮಾಡಲೇಬೇಕು, ಡ್ಯಾಫ್‌ಗೆ ಅಂಥದ್ದೇನಿಲ್ಲ. ಹಲವು ವರ್ಷ ಅಲ್ಲಾಡದ ಖಾತೆಗೆ ಸ್ಪಾನ್ಸರ್‌ಗಳು ನೆನಪಿನ ಪತ್ರ ಕಳಿಸುತ್ತಾರೆ ಅಷ್ಟೆ. ಇದಕ್ಕೇ ಟೀಕೆ ಇರುವುದು. 2023ರ ಹೊತ್ತಿಗೆ ಇಂಥ ಖಾತೆಗಳಲ್ಲಿ 250 ಬಿಲಿಯನ್ ಡಾಲರ್‌ಗಿಂತ ಜಾಸ್ತಿ ಕೂತಿತ್ತು. ಕೊಟ್ಟವರಿಗೆ ವಿನಾಯಿತಿ ಸಿಕ್ಕಿ ಆಗಿದೆ, ಹಸಿದವರಿಗೆ ಊಟ ಇನ್ನೂ ಸಿಕ್ಕಿಲ್ಲ. ಸೆನೆಟರ್‌ಗಳಾದ ಆಂಗಸ್ ಕಿಂಗ್ ಮತ್ತು ಚಕ್ ಗ್ರಾಸ್ಲಿ 2021ರಲ್ಲಿ ಗಡುವು ಹಾಕುವ ಮಸೂದೆ ತಂದರು, ಪಾಸಾಗಲಿಲ್ಲ.

ಟೀಕೆ ಸರಿಯಾಗಿಯೇ ಇದೆ ಅಂತ ನನ್ನ ಅನಿಸಿಕೆ. ಬೆಳೆಯುತ್ತಿದೆಯಲ್ಲ, ಇನ್ನೊಂದು ವರ್ಷ ಇರಲಿ ಅನ್ನುವ ಆಸೆ ನನ್ನನ್ನೂ ಹಿಡಿದಿತ್ತು. ಒಂದು ವರ್ಷ ಪೂರ್ತಿ ಒಂದು ಡಾಲರೂ ಹೊರಗೆ ಹೋಗಲಿಲ್ಲ. ಆಮೇಲೆ ಊರಿನ ಫುಡ್ ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ತಾನಾಗಿ ಹೋಗುವ ಹಾಗೆ ಸೆಟ್ ಮಾಡಿದೆ. ಈಗ ನಾನು ಮರೆತರೂ ಅದು ಮರೆಯುವುದಿಲ್ಲ.

ನಾವು ಹೋದ ಮೇಲೆ ಖಾತೆ ಏನಾಗುತ್ತದೆ?

ಉತ್ತರಾಧಿಕಾರಿಯನ್ನು ಹೆಸರಿಸಬಹುದು, ಇಲ್ಲವೇ ಉಳಿದದ್ದೆಲ್ಲ ಇಂತಿಂಥ ಸಂಸ್ಥೆಗೆ ಅಂತ ಬರೆದಿಡಬಹುದು. ಎರಡೂ ಮಾಡದಿದ್ದರೆ ಸ್ಪಾನ್ಸರ್‌ನ ಸಾಮಾನ್ಯ ನಿಧಿಗೆ ಸೇರಬಹುದು. ಖಾತೆ ತೆರೆದ ದಿನವೇ ತುಂಬಿಬಿಡಿ, ಐದು ನಿಮಿಷದ ಕೆಲಸ. ಮಕ್ಕಳನ್ನು ಈಗಲೇ ಜೊತೆಗೆ ಕೂರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಮಗಳಿಗೆ ವರ್ಷಕ್ಕೆ 200 ಡಾಲರ್ ಅವಳಿಷ್ಟಕ್ಕೆ ಬಿಟ್ಟಿದ್ದೇವೆ. ಸತತ ಮೂರು ವರ್ಷ ನಾಯಿಗಳಿಗೇ ಹೋಗಿದೆ. ನಾನು ಬಾಯಿ ಬಿಟ್ಟಿಲ್ಲ.

ಖಾತೆಗೆ ಏನು ಹೆಸರಿಡಬೇಕು? ಹೆಸರು ಹೇಳದೆ ಕೊಡಬಹುದಾ?

ಹೇಳದೆ ಕೊಡಬಹುದು, ಪ್ರತಿ ಗ್ರಾಂಟ್‌ನಲ್ಲೂ ಆ ಆಯ್ಕೆ ಇದೆ. ಬರೀ ಖಾತೆಯ ಹೆಸರನ್ನು ಮಾತ್ರ ತಿಳಿಸುವ ಆಯ್ಕೆಯೂ ಇದೆ. ನಾವು ನಮ್ಮಜ್ಜಿಯ ಹೆಸರಿಟ್ಟೆವು. ಹೋದ ವರ್ಷ ಫುಡ್ ಬ್ಯಾಂಕಿನವರು ಧನ್ಯವಾದದ ಪತ್ರವನ್ನು ಅಜ್ಜಿಗೇ ಬರೆದಿದ್ದರು, ಒಮ್ಮೆ ಬಂದು ನಮ್ಮ ಗೋದಾಮು ನೋಡಿ ಅಂತ ಕರೆದೂ ಇದ್ದರು. ಮೈಸೂರಿನಾಚೆ ರೈಲು ಹತ್ತದವಳು. ಪತ್ರ ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ.